ಮನೆಯ ಕಾರ್ಯಶಾಲೆಯಲ್ಲಿ ತುಕ್ಕು ಹಿಡಿಯದ ಉಕ್ಕೂ ಪ್ಲಾಸ್ಟಿಕ್ಕೂ

ಸೂರ್ಯನ ತೇಜಸ್ಸನ್ನು ಸಹಿಸಲಾರದೆ ಅವನ ಪತ್ನಿಯಾದ ಸಂಜ್ಞಾದೇವಿಯು ಬಳಲಿದಳೆಂದೂ, ಆಕೆಯ ತಂದೆಯಾದ ವಿಶ್ವಕರ್ಮನು ಅಳಿಯನನ್ನು ಭ್ರಮಿಯ ಮೇಲೇರಿಸಿ ಆ ತೇಜಸ್ಸಿನಲ್ಲಿ ಎಂಟನೆಯ ಒಂದು ಪಾಲನ್ನು ತರಿದು ತೆಗೆದನೆಂದೂ ವಿಷ್ಣುಪುರಾಣವು ಹೇಳುತ್ತದೆ. ಹಾಗೆ ಉದುರಿದ ಚೂರುಗಳಿಂದಲೇ ವಿಷ್ಣುವಿನ ಚಕ್ರವೂ ಶಿವನ ತ್ರಿಶೂಲವೂ ಆದುವಂತೆ. ಕಾಳಿದಾಸ ಮಹಾಕವಿಯು ರಘುವಂಶದ ಆರನೆಯ ಸರ್ಗದಲ್ಲಿ ಅವಂತಿಯ ಅರಸನನ್ನು ವರ್ಣಿಸುವಾಗ ಈ ಕಥೆಯನ್ನೇ ಉಪಮೆಯಾಗಿ ತಂದಿದ್ದಾನೆ.

ಭ್ರಮಿಯೆಂದರೆ ತಿರುಗಣಿ. ಸಂಸ್ಕೃತದಲ್ಲಿ ಅದಕ್ಕೆ ಕುಂದವೆಂಬ ಹೆಸರೂ ಉಂಟು. ಇಂದು ನಾವು ಅದನ್ನು ಲೇತ್ ಎಂದು ಕರೆಯುತ್ತೇವೆ. ತಿರುಗುವ ವಸ್ತುವಿಗೆ ಉಳಿಯನ್ನು ಹಿಡಿದು ಅದನ್ನು ಸಮನಾಗಿ ಕೆತ್ತುವ ಕೆಲಸಕ್ಕೆ ಕನ್ನಡದಲ್ಲಿ ಕಡೆಯುವುದು ಎನ್ನುವರು. ಗೃಹಿಣಿಯು ಮೊಸರನ್ನು ಕಡೆಯುವಳೆನ್ನುವಾಗಲೂ ಇದೇ ಮಾತು. ಇದು ಆಕಸ್ಮಿಕವಲ್ಲ. ಹಿಂದಿನ ಕಾಲದ ತಿರುಗಣಿಯನ್ನು ಕಡೆಗೋಲಿನಂತೆಯೇ ಹಗ್ಗ ಸುತ್ತಿ, ಹಿಂದಕ್ಕೂ ಮುಂದಕ್ಕೂ ಎಳೆದು ತಿರುಗಿಸುತ್ತಿದ್ದರು. ಪುರಾಣದ ಆ ಶಿಲ್ಪಿಯ ಕೆಲಸದಲ್ಲಿ ಮೂರು ನೀತಿಗಳು ಅಡಗಿವೆ. ಕಡೆಯುವ ವಸ್ತುವನ್ನು ಅವನು ಮೊದಲು ಭದ್ರವಾಗಿ ನಿಲ್ಲಿಸಿದನು. ಬೇಕಾದಷ್ಟನ್ನು ಮಾತ್ರ ತೆಗೆದನು. ಉದುರಿದ ಚೂರನ್ನು ವ್ಯರ್ಥಮಾಡಲಿಲ್ಲ. ಇವೆಲ್ಲಕ್ಕಿಂತ ಮಿಗಿಲಾಗಿ, ತಾನು ಕೈಹಚ್ಚಿದ ವಸ್ತುವಿನ ಸ್ವಭಾವವನ್ನು ಅವನು ಬಲ್ಲವನಾಗಿದ್ದನು. ಈ ಕೊನೆಯ ಮಾತೇ ಪ್ರಸ್ತುತ ಲೇಖನದ ಸಾರ.

ಸಂಸ್ಕೃತವನ್ನು ಕಲಿಸಿ ನಿವೃತ್ತನಾದ ಮಾಸ್ತರನಿಗೆ ಉಕ್ಕಿನ ಗೊಡವೆಯೇಕೆಂದು ವಾಚಕ ಮಹಾಶಯರು ಕೇಳಬಹುದು. ನಮ್ಮ ರಾಜೇಶ್ವರವು ಹೈದರಾಬಾದಿನಿಂದ ಸೋಲಾಪುರಕ್ಕೆ ಹೋಗುವ ಹೆದ್ದಾರಿಯ ಮೇಲಿನ ಊರು. ಹುಮನಾಬಾದು ಒಂದು ಕಡೆಗೆ, ಬಸವಕಲ್ಯಾಣವು ಮತ್ತೊಂದು ಕಡೆಗೆ. ಹಗಲಿರುಳು ಲಾರಿಗಳು ಹಾಯುವ ಈ ದಾರಿಯಲ್ಲಿ ಯಂತ್ರದ ಸದ್ದು ಕೇಳದ ಮನೆಯಿಲ್ಲ. ನಿವೃತ್ತಿಯ ಬಳಿಕ ನಾನೂ ಹಿತ್ತಲ ಪಡಸಾಲೆಯಲ್ಲಿ ಒಂದು ಚಿಕ್ಕ ಲೇತನ್ನು ನಿಲ್ಲಿಸಿಕೊಂಡಿದ್ದೇನೆ. ಇಂದಿನ ಸಂಸಾರದಲ್ಲಿ ಮಿಕ್ಸರು, ಕುಕ್ಕರು, ನೀರೆತ್ತುವ ಪಂಪು, ಔಷಧ ಸಿಂಪಡಿಸುವ ಪಂಪು ಮೊದಲಾದವುಗಳಿಲ್ಲದೆ ದಿನ ಸಾಗದು. ಇವುಗಳಲ್ಲಿ ಬೆರಳುದ್ದದ ಒಂದು ತುಂಡು ಸವೆದರೆ ಇಡೀ ವಸ್ತುವನ್ನೇ ಮೂಲೆಗೆಸೆದು ಹೊಸದನ್ನು ಕೊಳ್ಳುವ ರೂಢಿಯು ಬೆಳೆಯುತ್ತಿದೆ. ಸವೆದ ತುಂಡು ಹೆಚ್ಚಾಗಿ ಎರಡು ಪದಾರ್ಥಗಳಲ್ಲಿ ಒಂದಾಗಿರುತ್ತದೆ: ತುಕ್ಕು ಹಿಡಿಯದ ಉಕ್ಕು, ಇಲ್ಲವೆ ಪ್ಲಾಸ್ಟಿಕ್. ನಮ್ಮ ಅಜ್ಜಂದಿರು ಈ ಎರಡನ್ನೂ ಅರಿಯರು. ಊರ ಕಮ್ಮಾರನ ಕೈಗೆ ಕಬ್ಬಿಣವು ತಿಳಿದಿತ್ತು. ಬಡಗಿಯ ಕೈಗೆ ತೇಗವೂ ಬೇವೂ ತಿಳಿದಿದ್ದವು. ಆದರೆ ಕಬ್ಬಿಣದ ಅಭ್ಯಾಸವು ಈ ಉಕ್ಕಿನಲ್ಲಿ ಕೈಕೊಡುತ್ತದೆ. ಮರದ ಅಭ್ಯಾಸವು ಪ್ಲಾಸ್ಟಿಕ್ಕಿನಲ್ಲಿ ಮೋಸಮಾಡುತ್ತದೆ. ಆದುದರಿಂದ ಇವುಗಳ ಗುಣವನ್ನು ಮೊದಲಿನಿಂದ ಅರಿಯಬೇಕಾಗಿದೆ.

ಬೀದರದ ಪಾಠ

ಲೋಹದ ಸ್ವಭಾವವನ್ನು ಅರಿತು ಮನೆಯಲ್ಲಿಯೇ ಕೆಲಸಮಾಡುವುದು ನಮ್ಮ ಜಿಲ್ಲೆಗೆ ಹೊಸದಲ್ಲ. ಬೀದರದ ಬಿದರಿ ಕಲೆಗಾರರ ಓಣಿಗೆ ಹೋದವರು ಇದನ್ನು ಕಣ್ಣಾರೆ ಕಾಣಬಹುದು. ಮನೆಯ ಪಡಸಾಲೆಯೇ ಅವರ ಕಾರ್ಖಾನೆ. ಸುಮಾರು ೧೬ ಪಾಲು ಸತುವಿಗೆ ಒಂದು ಪಾಲು ತಾಮ್ರವನ್ನು ಕೂಡಿಸಿ ಕರಗಿಸಿ, ಮಣ್ಣಿನ ಅಚ್ಚಿನಲ್ಲಿ ಎರೆದು, ತಣಿದ ಪಾತ್ರೆಯನ್ನು ಕಡೆದು ಅಥವಾ ಅರದಿಂದ ಉಜ್ಜಿ ನಯಗೊಳಿಸುತ್ತಾರೆ. ಅನಂತರ ಮೈಲುತುತ್ತದ ನೀರನ್ನು ಸವರಿ ಮೈಯನ್ನು ತಾತ್ಕಾಲಿಕವಾಗಿ ಕಪ್ಪುಮಾಡಿ, ಅದರ ಮೇಲೆ ಬಳ್ಳಿ ಹೂಗಳನ್ನು ಗೀಚಿ, ಚಾಣದಿಂದ ಕೊರೆದು, ಆ ಗೀರುಗಳಲ್ಲಿ ಬೆಳ್ಳಿಯ ತಂತಿಯನ್ನೋ ತಗಡನ್ನೋ ತಟ್ಟಿ ಕೂಡಿಸುತ್ತಾರೆ. ಕಡೆಗೆ ಬೀದರ ಕೋಟೆಯ ಮಣ್ಣನ್ನು ನವಸಾಗರದ ನೀರಿನಲ್ಲಿ ಕಲಸಿ, ತುಸು ಕಾಯಿಸಿದ ಪಾತ್ರೆಗೆ ಹಚ್ಚಿದರೆ ಸತುವಿನ ಮೈ ಕಪ್ಪಾಗುತ್ತದೆ. ಬೆಳ್ಳಿಯು ಮಾತ್ರ ಬೆಳ್ಳಗೇ ಉಳಿಯುತ್ತದೆ.

ಇಲ್ಲಿ ಪ್ರತಿಯೊಂದು ಹೆಜ್ಜೆಯೂ ಲೋಹದ ಗುಣವನ್ನು ಅವಲಂಬಿಸಿದೆ. ಸತುವು ಮೆದುವಾದುದರಿಂದ ಚಾಣಕ್ಕೆ ಒಲಿಯುತ್ತದೆ. ಬೇಗ ಕಪ್ಪಾಗುವುದರಿಂದ ಬೆಳ್ಳಿಗೆ ಹಿನ್ನೆಲೆಯಾಗುತ್ತದೆ. ಇದನ್ನರಿತ ಕೈಗಳಿಗೆ ಲೋಕವೂ ಮನ್ನಣೆ ಕೊಟ್ಟಿದೆ. ಬಿದರಿ ಕಲೆಗಾರರಾದ ಶಾಹ್ ರಶೀದ್ ಅಹಮದ್ ಖಾದ್ರಿಯವರಿಗೆ ೨೦೨೩ರಲ್ಲಿ ಪದ್ಮಶ್ರೀ ಪ್ರಶಸ್ತಿಯು ಸಂದಿತು. ಬಿದರಿಯ ಕೈ ತನ್ನ ಲೋಹವನ್ನು ಅರಿತಂತೆ ನಾವೂ ನಮ್ಮ ಕಾಲದ ಪದಾರ್ಥಗಳನ್ನು ಅರಿಯಬೇಡವೇ?

ತುಕ್ಕು ಹಿಡಿಯದ ಉಕ್ಕು

ಈ ಉಕ್ಕು ನೂರು ವರ್ಷಗಳಿಗಿಂತ ತುಸು ಹೆಚ್ಚಿನ ವಯಸ್ಸಿನದು. ಜರ್ಮನಿಯ ಕ್ರುಪ್ ಕಾರ್ಖಾನೆಯಲ್ಲಿ ೧೯೧೨ರಲ್ಲಿಯೂ, ಇಂಗ್ಲೆಂಡಿನ ಷೆಫೀಲ್ಡಿನಲ್ಲಿ ಹ್ಯಾರಿ ಬ್ರಿಯರ್ಲಿಯಿಂದ ೧೯೧೩ರಲ್ಲಿಯೂ ಇದರ ಬೇರೆಬೇರೆ ಬಗೆಗಳು ಹೊರಬಂದುವು. ಕಬ್ಬಿಣಕ್ಕೆ ಶೇಕಡ ಹತ್ತೂವರೆಗೆ ಕಡಮೆಯಿಲ್ಲದಂತೆ ಕ್ರೋಮಿಯಂ ಎಂಬ ಧಾತುವನ್ನು ಕೂಡಿಸುವುದೇ ಇದರ ಮರ್ಮ. ಆ ಕ್ರೋಮಿಯಂ ಗಾಳಿಯ ಆಮ್ಲಜನಕದೊಡನೆ ಸೇರಿ ಉಕ್ಕಿನ ಮೈಮೇಲೆ ಒಂದು ಪೊರೆಯನ್ನು ಹೊದಿಸುತ್ತದೆ. ಈ ಪೊರೆಯು ಒಂದು ಮಿಲಿಮೀಟರಿನ ಲಕ್ಷದಲ್ಲಿ ಒಂದು ಪಾಲಿಗಿಂತಲೂ ತೆಳುವಾದುದು. ಗೀಚಿದರೆ ಹರಿಯುತ್ತದೆ, ಗಾಳಿ ತಗಲಿದೊಡನೆ ತಾನೇ ಮತ್ತೆ ಕೂಡಿಕೊಳ್ಳುತ್ತದೆ. ಅಡಿಗೆಯ ಮನೆಯ ಒಳ್ಳೆಯ ಪಾತ್ರೆಗಳಲ್ಲಿ ಸುಮಾರು ಶೇಕಡ ೧೮ ಕ್ರೋಮಿಯಮ್ಮೂ ಶೇಕಡ ೮ ನಿಕ್ಕಲ್ಲೂ ಇರುತ್ತವೆ. ವ್ಯಾಪಾರಿಗಳು ಇದನ್ನು ೩೦೪ ಎಂಬ ಸಂಖ್ಯೆಯಿಂದ ಗುರುತಿಸುತ್ತಾರೆ.

ಪಾತ್ರೆಗೆ ಅಯಸ್ಕಾಂತವು ಅಂಟದಿದ್ದರೆ ಅದು ಉತ್ತಮವಾದುದೆಂದು ಜನರು ನಂಬಿರುವುದುಂಟು. ಇದು ಅರ್ಧ ಸತ್ಯ ಮಾತ್ರ. ನಿಕ್ಕಲನ್ನು ಕಡಮೆಮಾಡಿ ಮ್ಯಾಂಗನೀಸನ್ನು ಸೇರಿಸಿದ ಅಗ್ಗದ ಬಗೆಗೂ ಅಯಸ್ಕಾಂತವು ಅಂಟದು. ಮೇಲಾಗಿ, ಒಳ್ಳೆಯ ೩೦೪ರ ತಗಡನ್ನೇ ಒತ್ತಿ ಬಗ್ಗಿಸಿ ಪಾತ್ರೆಮಾಡಿದಾಗ ಅದರ ಅಂಚುಗಳು ಅಯಸ್ಕಾಂತಕ್ಕೆ ಅಲ್ಪಸ್ವಲ್ಪ ಸೋಲುತ್ತವೆ. ಆದಕಾರಣ ಕೆಲಸಕ್ಕೆ ಕೊಳ್ಳುವ ಸಲಾಕೆಯನ್ನು ಸಂಖ್ಯೆ ಕೇಳಿಯೇ ಕೊಳ್ಳತಕ್ಕದ್ದು. ಗಂಧಕವನ್ನು ಬೆರೆಸಿದ ೩೦೩ ಎಂಬ ಬಗೆಯು ಕಡೆಯಲು ಬಹು ಸುಲಭ. ಆದರೆ ತುಕ್ಕನ್ನು ತಡೆಯುವ ಶಕ್ತಿ ಅದಕ್ಕೆ ಕಡಮೆ. ಉಪ್ಪುನೀರು ತಗಲುವ ಭಾಗಗಳಿಗೆ ಮಾಲಿಬ್ಡಿನಂ ಸೇರಿದ ೩೧೬ ಯೋಗ್ಯವಾದುದು.

ಈ ಉಕ್ಕನ್ನು ಕಡೆಯುವವನಿಗೆ ಎರಡು ವಿಘ್ನಗಳು ಎದುರಾಗುತ್ತವೆ. ಮೊದಲನೆಯದು, ಪೆಟ್ಟು ತಿಂದಂತೆ ಅದು ಗಟ್ಟಿಯಾಗುವುದು. ತಂತಿಯನ್ನು ಅತ್ತಿತ್ತ ನಾಲ್ಕಾರು ಸಲ ಬಗ್ಗಿಸಿದರೆ ಆ ಜಾಗವು ಬಿರುಸಾಗುವುದನ್ನು ಎಲ್ಲರೂ ಕಂಡಿರುತ್ತೀರಿ. ತುಕ್ಕು ಹಿಡಿಯದ ಉಕ್ಕಿನಲ್ಲಿ ಈ ಗುಣವು ಅತಿಶಯವಾಗಿದೆ. ಮೊಂಡಾದ ಉಳಿಯು ಕತ್ತರಿಸದೆ ಮೈಮೇಲೆ ಬರಿದೆ ಉಜ್ಜಿದರೆ, ಉಜ್ಜಿದ ಪದರವೇ ಗಟ್ಟಿಯಾಗಿ ಮುಂದಿನ ಸುತ್ತಿನಲ್ಲಿ ಉಳಿಯನ್ನು ಒಳಗೆ ಬಿಡದು. ಅಂಜುತ್ತಂಜುತ್ತ ಕೂದಲೆಳೆಯಷ್ಟನ್ನೇ ತೆಗೆಯಲು ಹೋದವನು ಉಳಿಯನ್ನೂ ಕೆಡಿಸಿಕೊಳ್ಳುತ್ತಾನೆ, ವಸ್ತುವನ್ನೂ ಕೆಡಿಸುತ್ತಾನೆ. ಇಲ್ಲಿ ಧೈರ್ಯವೇ ನೀತಿ. ಉಳಿಯು ಹರಿತವಾಗಿರಬೇಕು, ಒಂದೊಂದು ಸುತ್ತಿಗೂ ಮಿಲಿಮೀಟರಿನ ಹತ್ತರಲ್ಲಿ ಒಂದು ಪಾಲಾದರೂ ಮುಂದೆ ಸಾಗುತ್ತಿರಬೇಕು, ನಡುವೆ ಉಳಿಯನ್ನು ನಿಲ್ಲಿಸಿ ಯಂತ್ರವನ್ನು ಮಾತ್ರ ತಿರುಗಲು ಬಿಡಬಾರದು.

ಎರಡನೆಯ ವಿಘ್ನವು ಶಾಖದ್ದು. ತುಕ್ಕು ಹಿಡಿಯದ ಉಕ್ಕು ಶಾಖವನ್ನು ಸಾಮಾನ್ಯ ಉಕ್ಕಿನ ಮೂರನೆಯ ಒಂದರಷ್ಟು ಮಾತ್ರ ಸಾಗಿಸುತ್ತದೆ. ತಾಮ್ರಕ್ಕೆ ಹೋಲಿಸಿದರೆ ಇಪ್ಪತ್ತೈದರಲ್ಲಿ ಒಂದು ಪಾಲೂ ಸರಿಯಾಗಿ ಇಲ್ಲ. ಬರಿಯ ಸ್ಟೀಲಿನ ಪಾತ್ರೆಯಲ್ಲಿ ಹಾಲು ಒಂದೇ ಕಡೆ ತಳಹಿಡಿಯುವುದೂ, ಆದುದರಿಂದ ಪಾತ್ರೆಗಳ ಅಡಿಗೆ ತಾಮ್ರವನ್ನೋ ಅಲ್ಯುಮಿನಿಯಮ್ಮನ್ನೋ ಹಚ್ಚುವುದೂ ಗೃಹಿಣಿಯರಿಗೆ ತಿಳಿದೇ ಇದೆ. ಅದೇ ಕಾರಣದಿಂದ, ಕಡೆಯುವಾಗ ಹುಟ್ಟಿದ ಶಾಖವು ಹರಡಿಹೋಗದೆ ಉಳಿಯ ಮೊನೆಯಲ್ಲಿಯೇ ನಿಂತು ಅದನ್ನು ಸುಟ್ಟುಬಿಡುತ್ತದೆ. ಆದುದರಿಂದ ವೇಗವು ತಗ್ಗಬೇಕು, ಎಣ್ಣೆಯು ಹರಿಯಬೇಕು.

ಎಷ್ಟು ತಗ್ಗಬೇಕೆಂಬುದನ್ನು ಲೆಕ್ಕದಿಂದಲೇ ತಿಳಿಯಬಹುದು. ಹೈಸ್ಪೀಡ್ ಉಕ್ಕಿನ ಉಳಿಗೆ, ಸಾಮಾನ್ಯ ಉಕ್ಕಿನ ಮೈ ನಿಮಿಷಕ್ಕೆ ೨೫ ಮೀಟರಿನ ಸುಮಾರಿಗೆ ಹಾಯಬಹುದು. ೩೦೪ಕ್ಕೆ ೧೫ ಮೀಟರು ಸಾಕು. ಮೀಟರುಗಳ ಸಂಖ್ಯೆಯನ್ನು ೩೧೮ರಿಂದ ಗುಣಿಸಿ, ಸಲಾಕೆಯ ವ್ಯಾಸದ ಮಿಲಿಮೀಟರುಗಳಿಂದ ಭಾಗಿಸಿದರೆ ನಿಮಿಷಕ್ಕೆ ಎಷ್ಟು ಸುತ್ತೆಂಬುದು ದೊರೆಯುತ್ತದೆ. ೨೦ ಮಿಲಿಮೀಟರು ದಪ್ಪದ ಸಲಾಕೆಗೆ ಸಾಮಾನ್ಯ ಉಕ್ಕಾದರೆ ಸುಮಾರು ೪೦೦ ಸುತ್ತು, ತುಕ್ಕು ಹಿಡಿಯದ ಉಕ್ಕಾದರೆ ಸುಮಾರು ೨೪೦. ರಂಧ್ರ ಕೊರೆಯುವ ಬಿಟ್ಟಿಗೂ ಇದೇ ಸೂತ್ರ. ಅಲ್ಲಿ ಬಿಟ್ಟಿನ ವ್ಯಾಸವನ್ನು ಹಿಡಿಯಬೇಕು. ೬ ಮಿಲಿಮೀಟರಿನ ಬಿಟ್ಟು ನಿಮಿಷಕ್ಕೆ ೧೦ ಮೀಟರಿನಂತೆ ಸಾಗಲು ೫೩೦ ಸುತ್ತು ಸಾಕು. ಕೈಯಲ್ಲಿ ಹಿಡಿಯುವ ವಿದ್ಯುತ್ ಡ್ರಿಲ್ಲಾದರೋ ಪೂರ್ಣ ವೇಗದಲ್ಲಿ ೩೦೦೦ ಸುತ್ತಿನ ಸಮೀಪಕ್ಕೆ ಹೋಗುತ್ತದೆ! ಸ್ಟೀಲಿನ ತಟ್ಟೆಗೆ ತೂತು ಹಾಕಹೋದ ಎಷ್ಟೋ ಮನೆಗಳಲ್ಲಿ ಬಿಟ್ಟು ಕೆಂಪಗೆ ಕಾದು, ತೂತು ಮಾತ್ರ ಆಗದೆ ಉಳಿಯುವ ರಹಸ್ಯವು ಇದೇ ಆಗಿದೆ. ಗುಂಡಿಯನ್ನು ಅರೆಬರೆ ಒತ್ತಿ, ವೇಗವನ್ನು ತಗ್ಗಿಸಿ, ಎಣ್ಣೆ ಬಿಟ್ಟು, ಒಂದೇ ಸಮನೆ ಗಟ್ಟಿಯಾಗಿ ಅದುಮಿದರೆ ಅದೇ ಬಿಟ್ಟು ಅದೇ ತಟ್ಟೆಯನ್ನು ಸುಲಭವಾಗಿ ಕೊರೆಯುತ್ತದೆ.

ಇನ್ನೆರಡು ಸೂಕ್ಷ್ಮಗಳನ್ನು ನೆನಪಿನಲ್ಲಿಡಬೇಕು. ಕಬ್ಬಿಣಕ್ಕೆ ಬಳಸಿದ ಅರವನ್ನೂ ತಂತಿಯ ಕುಂಚವನ್ನೂ ಇದಕ್ಕೆ ಬಳಸಕೂಡದು. ಕಬ್ಬಿಣದ ಕಣಗಳು ಮೈಯಲ್ಲಿ ನಾಟಿಕೊಂಡು, ಅವು ತುಕ್ಕು ಹಿಡಿದಾಗ ಉಕ್ಕೇ ತುಕ್ಕು ಹಿಡಿಯಿತೆಂದು ತೋರುತ್ತದೆ. ಇದೇ ಲೋಹದ ಬೋಲ್ಟಿಗೆ ಇದೇ ಲೋಹದ ನಟ್ಟನ್ನು ಒಣಗಿರುವಾಗಲೇ ಬಿಗಿದರೆ ಎರಡೂ ಒಂದನ್ನೊಂದು ಕಚ್ಚಿಕೊಂಡು ಮರಳಿ ಬಿಚ್ಚದಂತಾಗುವುದುಂಟು. ತುಸು ಗ್ರೀಸನ್ನು ಸವರಿ, ಮೆಲ್ಲಗೆ ತಿರುಗಿಸಿದರೆ ಆ ಭಯವು ಬಹುಮಟ್ಟಿಗೆ ತಪ್ಪುತ್ತದೆ.

ಪ್ಲಾಸ್ಟಿಕ್ಕಿನ ಸ್ವಭಾವ

ಉಕ್ಕಿಗೆ ಧೈರ್ಯವು ಬೇಕಾದರೆ ಪ್ಲಾಸ್ಟಿಕ್ಕಿಗೆ ತಾಳ್ಮೆಯು ಬೇಕು. ಪ್ಲಾಸ್ಟಿಕ್ ಎಂಬುದು ಒಂದು ಪದಾರ್ಥದ ಹೆಸರಲ್ಲ, ಒಂದು ಕುಲದ ಹೆಸರು. ಆ ಕುಲದಲ್ಲಿ ಬಹು ಜನ ದಾಯಾದಿಗಳು. ಬೇಕ್‌ಲೆಂಡ್ ಎಂಬ ರಸಾಯನಜ್ಞನು ೧೯೦೭ರಲ್ಲಿ ಕಂಡುಹಿಡಿದ ಬೇಕಲೈಟು ಬೆಂಕಿಗೆ ಕರಗುವುದಿಲ್ಲ. ಕುಕ್ಕರಿನ ಹಿಡಿಗಳು ಈ ಜಾತಿಯವು. ಕ್ಯಾರೋಥರ್ಸನ ಪ್ರಯೋಗಶಾಲೆಯಲ್ಲಿ ೧೯೩೫ರಲ್ಲಿ ಹುಟ್ಟಿದ ನೈಲಾನು ಬಲಿಷ್ಠವಾದುದು, ಉಜ್ಜಿದರೂ ಬೇಗ ಸವೆಯದು. ಆದುದರಿಂದ ಬುಷ್ಷುಗಳಿಗೂ ಹಲ್ಲುಗಾಲಿಗಳಿಗೂ ಒಗ್ಗುತ್ತದೆ. ಅಸಿಟಾಲ್ ಎಂಬುದು ಅಳತೆಯನ್ನು ಚೆನ್ನಾಗಿ ಕಾಯುತ್ತದೆ. ಆಕ್ರಿಲಿಕ್ ಗಾಜಿನಂತೆ ಪಾರದರ್ಶಕ, ಆದರೆ ಗಾಜಿನಂತೆಯೇ ಸಿಡುಕಿನದು. ನೀರಿನ ಕೊಳವೆಗಳ ಪಿ.ವಿ.ಸಿ., ಕೊಡಗಳ ಪಾಲಿಎಥಿಲೀನ್, ದೋಸೆಯ ಹಂಚಿಗೆ ಬಳಿಯುವ ಟೆಫ್ಲಾನು ಇವೂ ಇದೇ ಕುಲದವು.

ಇವುಗಳಲ್ಲಿ ಶಾಖವು ಉಕ್ಕಿನಲ್ಲಿ ಸಾಗುವಷ್ಟೂ ಸಾಗದು. ಕರಗುವ ಹದವಾದರೋ ಬಹು ಕೆಳಗೆ: ಆಕ್ರಿಲಿಕ್ ೧೦೦ ಡಿಗ್ರಿಯ ಆಚೀಚೆಯಲ್ಲಿ ಮೆತ್ತಗಾಗುತ್ತದೆ, ಕೊಡದ ಪ್ಲಾಸ್ಟಿಕ್ ೧೩೦ರ ಸಮೀಪದಲ್ಲಿ ಕರಗುತ್ತದೆ, ನೈಲಾನು ೨೨೦ರವರೆಗೆ ತಡೆಯುತ್ತದೆ. ಮೊಂಡು ಉಳಿಯಿಂದ ಉಜ್ಜಿದರೆ ಪ್ಲಾಸ್ಟಿಕ್ ಕತ್ತರಿಸದೆ ಕರಗಿ, ಉಳಿಗೆ ಬೆಲ್ಲದ ಪಾಕದಂತೆ ಅಂಟಿಕೊಳ್ಳುತ್ತದೆ. ಕ್ಷೌರಿಕನ ಕತ್ತಿಯಂತೆ ಹರಿತವಾದ ಉಳಿ, ಹಗುರವಾದ ಕೈ, ಶಾಖವನ್ನು ಒಯ್ಯುವ ಗಾಳಿ ಅಥವಾ ನೀರು, ಇವು ಮೂರಿದ್ದರೆ ಕೆಲಸವು ಸುಗಮ. ಬಿಟ್ಟಿನಿಂದ ಕೊರೆಯುವಾಗ ನಾಲ್ಕು ಸಲ ಹೊರಕ್ಕೆಳೆದು ಚೂರನ್ನು ತೆಗೆಯಬೇಕು. ಆಕ್ರಿಲಿಕ್ಕಿಗೆ ಅಡಿಯಲ್ಲಿ ಮರದ ಹಲಗೆಯನ್ನು ಕೊಡದಿದ್ದರೆ ಬಿಟ್ಟು ಆಚೆಗೆ ತೂರುವಾಗ ಮೂಲೆಯು ಸೀಳುತ್ತದೆ. ಅದನ್ನು ಥಿನ್ನರಿನಿಂದಲೋ ಸ್ಪಿರಿಟಿನಿಂದಲೋ ಒರೆಸಿದರೆ ಮೈತುಂಬ ಕೂದಲಿನಂಥ ಬಿರುಕುಗಳು ಮೂಡಬಹುದು. ಸಾಬೂನಿನ ನೀರೇ ಅದಕ್ಕೆ ಹಿತವಾದುದು.

ಅಳತೆಯ ವಿಷಯವು ಇದಕ್ಕಿಂತ ಸೂಕ್ಷ್ಮವಾದುದು. ನಮ್ಮ ಸೀಮೆಯಲ್ಲಿ ಪುಷ್ಯಮಾಸದ ಬೆಳಗಿಗೂ ವೈಶಾಖದ ಮಧ್ಯಾಹ್ನಕ್ಕೂ ಕೋಣೆಯೊಳಗೇ ೨೫ ಡಿಗ್ರಿಯ ಅಂತರ ಬೀಳುವುದು ಆಶ್ಚರ್ಯವಲ್ಲ. ಅಷ್ಟು ಸೆಕೆಗೆ ೧೦೦ ಮಿಲಿಮೀಟರು ಉದ್ದದ ೩೦೪ರ ಸಲಾಕೆಯು ೦.೦೪ ಮಿಲಿಮೀಟರು ಬೆಳೆಯುತ್ತದೆ. ಅಷ್ಟೇ ಉದ್ದದ ನೈಲಾನು ೦.೨ ಮಿಲಿಮೀಟರಿನಷ್ಟು ಬೆಳೆಯುತ್ತದೆ. ಅಂದರೆ ಐದು ಪಾಲು! ಮೇಲಾಗಿ ನೈಲಾನು ನೀರನ್ನೂ ಕುಡಿಯುತ್ತದೆ. ತೇವದ ಗಾಳಿಯಲ್ಲಿಯೇ ತನ್ನ ತೂಕದ ಶೇಕಡ ಎರಡು ಮೂರರಷ್ಟು ನೀರನ್ನು ಹೀರಿ ಉಬ್ಬುತ್ತದೆ. ಫಾಲ್ಗುಣದ ಒಣ ಹವೆಯಲ್ಲಿ ಸರಾಗವಾಗಿ ತಿರುಗುತ್ತಿದ್ದ ಬುಷ್ಷು ಶ್ರಾವಣದ ಜಡಿಮಳೆಯಲ್ಲಿ ಬಿಗಿಯುವುದಕ್ಕೆ ಇದೇ ಕಾರಣ. ಮಳೆಗಾಲದಲ್ಲಿ ಮನೆಯ ಬಾಗಿಲು ಉಬ್ಬಿ ಚೌಕಟ್ಟಿಗೆ ಕೂಡದಿರುವುದನ್ನು ಬಲ್ಲವರಿಗೆ ಇದು ಸುಲಭವಾಗಿ ಅರ್ಥವಾದೀತು. ಆದಕಾರಣ ನೈಲಾನಿನ ಬುಷ್ಷಿಗೆ ತುಸು ಸಡಿಲನ್ನು ಇಟ್ಟೇ ಕಡೆಯಬೇಕು. ಬಿಗಿಯಾದ ಅಳತೆ ಬೇಕಾದಲ್ಲಿ ಅಸಿಟಾಲನ್ನು ಬಳಸಬೇಕು. ಕಡೆದ ಕೂಡಲೆ ಅಳೆಯದೆ, ವಸ್ತುವು ತಣಿದ ಮೇಲೆಯೇ ಅಳೆಯಬೇಕು. ಲೇತಿನ ದವಡೆಗಳಲ್ಲಿ ಅತಿಯಾಗಿ ಬಿಗಿದರೆ ಒತ್ತಡಕ್ಕೆ ಅಮುಕಿದ ತುಂಡು ಬಿಟ್ಟೊಡನೆ ಹಿಗ್ಗಿ, ಗುಂಡಗೆ ಕಡೆದದ್ದು ಮೂರು ಮೂಲೆಯಾಗುತ್ತದೆ.

ಮಾಡತಕ್ಕದ್ದು ಮತ್ತು ಮಾಡಬಾರದುದು

ಇಷ್ಟನ್ನು ತಿಳಿದ ಗೃಹಸ್ಥನು ಮನೆಗೆ ಬೇಕಾದ ಎಷ್ಟೋ ವಸ್ತುಗಳನ್ನು ತಾನೇ ಮಾಡಿಕೊಳ್ಳಬಹುದು. ಕಪಾಟಿನ ಗುಬುಟು, ಕಿಟಕಿಯ ತಿರುಗುಣಿ, ಬಟ್ಟೆ ಒಣಗಿಸುವ ಹಗ್ಗದ ರಾಟೆ, ಹೊಲಿಗೆಯ ಯಂತ್ರದ ಬುಷ್ಷು, ಮೇಜಿನ ಕಾಲಿನ ಪಾದ, ಸಿಂಪಡಿಸುವ ಪಂಪಿನ ಹಿಡಿಕೆ, ಇವೆಲ್ಲ ಒಂದೊಂದು ಸಂಜೆಯ ಕೆಲಸ.

ಆದರೆ ಕೆಲವನ್ನು ಎಷ್ಟು ನಿಪುಣನಾದರೂ ಮಾಡಲಾಗದು. ಪ್ರೆಷರ್ ಕುಕ್ಕರಿನ ಮುಚ್ಚಳದಲ್ಲಿ ಒಂದು ರಕ್ಷಣೆಯ ಕವಾಟವಿರುತ್ತದೆ. ಅದರ ಗರ್ಭದಲ್ಲಿರುವ ಮಿಶ್ರಲೋಹವು ಶಾಖವು ಮಿತಿ ಮೀರಿದಾಗ ಕರಗಿ, ಹಬೆಗೆ ದಾರಿಮಾಡಿಕೊಡುವುದಕ್ಕಾಗಿಯೇ ಇದೆ. ಅಂದರೆ ಕೆಡುವುದೇ ಅದರ ಧರ್ಮ. ಪದೇಪದೇ ಕೆಡುತ್ತದೆಂದು ಅದರ ಜಾಗಕ್ಕೆ ಚೆಂದವಾದ ಸ್ಟೀಲಿನ ತಿರುಪನ್ನು ಕಡೆದು ಕೂಡಿಸಿದವನು ಒಲೆಯ ಮೇಲೆ ಸಿಡಿಗುಂಡನ್ನು ಇಟ್ಟಂತಾಯಿತು; ಅದರ ಮುಂದೆ ನಿಂತು ಅಡಿಗೆ ಮಾಡುವವರು ಯಾರೆಂಬುದನ್ನು ಅವನು ಯೋಚಿಸಲಿ. ಅಡಿಗೆ ಅನಿಲದ ಸಿಲಿಂಡರಿನ ರೆಗ್ಯುಲೇಟರಿಗೂ ಅದರ ಕೊಳವೆಯ ಕೂಡಿಕೆಗೂ ಇದೇ ಮಾತು ಸಲ್ಲುತ್ತದೆ. ವಿದ್ಯುತ್ತಿನ ತಂತಿಯನ್ನು ಹಿಡಿದಿಡುವ ಭಾಗಗಳನ್ನೂ, ಯಾವ ಪ್ಲಾಸ್ಟಿಕ್ಕೆಂದು ತಿಳಿಯದ ತುಂಡಿನಿಂದ ಅನ್ನ ನೀರು ತಗಲುವ ಭಾಗಗಳನ್ನೂ ಮಾಡಕೂಡದು. ಎಲ್ಲಿ ಒಂದು ತುಂಡು ಸೋತರೆ ಬರಿಯ ಅನಾನುಕೂಲವಾಗುವುದೋ ಅಲ್ಲಿ ಕೈಮಾಡಿ; ಎಲ್ಲಿ ಅದು ಸೋತರೆ ಪ್ರಾಣಕ್ಕೆ ಕುತ್ತೋ ಅಲ್ಲಿ ತಯಾರಕರ ಮೂಲವಸ್ತುವನ್ನೇ ಕೊಂಡು ತನ್ನಿ. ಈ ವಿವೇಕವಿಲ್ಲದ ಕೌಶಲಕ್ಕಿಂತ ಕೌಶಲವಿಲ್ಲದಿರುವುದೇ ಮೇಲು.

ಮನೆಯವರ ಕ್ಷೇಮ

ಕಾರ್ಖಾನೆಯಲ್ಲಿ ಯಂತ್ರವನ್ನು ಬಲ್ಲವರು ಮಾತ್ರ ಓಡಾಡುವರು. ಮನೆಯಲ್ಲಾದರೋ ಮಕ್ಕಳೂ ಮುದುಕರೂ ಬರಿಗಾಲಲ್ಲಿ ಓಡಾಡುವರು. ತುಕ್ಕು ಹಿಡಿಯದ ಉಕ್ಕಿನಿಂದ ಬರುವ ಚೂರು ಉದ್ದವಾದ ರಿಬ್ಬನ್ನಿನಂತೆ ಸುರುಳಿಯಾಗಿ ಹೊಳೆಯುತ್ತದೆ. ಮಕ್ಕಳಿಗೆ ಆಟಿಗೆಯಂತೆ ತೋರುತ್ತದೆ. ಅದರ ಅಂಚು ಕತ್ತಿಯ ಅಲಗು. ಅದನ್ನು ಕೈಯಿಂದ ಎಳೆಯದೆ, ಯಂತ್ರವನ್ನು ನಿಲ್ಲಿಸಿ, ಕೊಕ್ಕೆಯಿಂದ ತೆಗೆದು, ಮುಚ್ಚಳವಿರುವ ಡಬ್ಬಿಗೆ ಹಾಕತಕ್ಕದ್ದು. ತಿರುಗುವ ಯಂತ್ರದ ಮುಂದೆ ಶಲ್ಯ, ಸಡಿಲವಾದ ತೋಳು, ಬಳೆ, ಉಂಗುರ, ಇಳಿಬಿಟ್ಟ ಜಡೆ ಇವೊಂದೂ ಇರಕೂಡದು. ಕೈಗವಸನ್ನೂ ಧರಿಸಬಾರದು, ಅದರ ಒಂದು ಎಳೆಯನ್ನು ಚಕ್ಕು ಹಿಡಿದರೆ ಕೈಯನ್ನೇ ಎಳೆದುಕೊಳ್ಳುತ್ತದೆ. ಚಕ್ಕಿನ ಕೀಲಿಯನ್ನು ಬಿಗಿದೊಡನೆ ತೆಗೆಯಬೇಕು; ಮರೆತು ಬಿಟ್ಟರೆ ಯಂತ್ರವು ತಿರುಗಿದೊಡನೆ ಅದು ಕವಣೆಯ ಕಲ್ಲಿನಂತೆ ಹಾರುತ್ತದೆ. ಕಣ್ಣಿಗೆ ರಕ್ಷಣೆಯ ಕನ್ನಡಕವನ್ನು ಧರಿಸದೆ ಸ್ವಿಚ್ಚನ್ನು ಮುಟ್ಟಬಾರದು. ಯಂತ್ರಕ್ಕೆ ಭೂಸಂಪರ್ಕದ ತಂತಿಯನ್ನು ತಪ್ಪದೆ ಕೂಡಿಸಿರಬೇಕು. ಕೆಲಸ ಮುಗಿದ ಮೇಲೆ ವಿದ್ಯುತ್ತಿನ ಮುಖ್ಯ ಗುಂಡಿಯನ್ನು ಆರಿಸಿ ಬಾಗಿಲಿಗೆ ಬೀಗ ಹಾಕಬೇಕು.

ಹೊಗೆಯ ಬಗೆಗೂ ಒಂದು ಮಾತು. ಪಿ.ವಿ.ಸಿ. ಸುಟ್ಟರೆ ಲವಣಾಮ್ಲದ ಹೊಗೆಯೇಳುತ್ತದೆ. ಅದು ಪುಪ್ಫುಸವನ್ನೂ ಕೆಡಿಸುತ್ತದೆ, ಯಂತ್ರಕ್ಕೂ ತುಕ್ಕು ತರುತ್ತದೆ. ಅಸಿಟಾಲ್ ಅತಿಯಾಗಿ ಕಾದರೆ ಕಣ್ಣು ಉರಿಸುವ ಫಾರ್ಮಾಲ್ಡಿಹೈಡ್ ಹೊರಡುತ್ತದೆ. ಟೆಫ್ಲಾನು ಮಿತಿಮೀರಿ ಕಾದಾಗ ಏಳುವ ಹೊಗೆಯಿಂದ ಮನುಷ್ಯರಿಗೆ ಜ್ವರದಂತಹ ಬಾಧೆಯುಂಟಾಗುವುದುಂಟು. ಪಂಜರದ ಗಿಳಿಯು ಅದರಿಂದ ಸತ್ತೇಹೋಗುವುದು. ಟೆಫ್ಲಾನನ್ನು ಕಡೆದ ಕೈಯನ್ನು ತೊಳೆಯದೆ ಬೀಡಿ ಸೇದಿದರೆ ಅಂಟಿದ ಕಣವು ಬೆಂಕಿಗೆ ಬಿದ್ದು ಇದೇ ಬಾಧೆಯನ್ನು ತಂದೀತು. ಪ್ಲಾಸ್ಟಿಕ್ಕಿನ ಚೂರುಗಳನ್ನು ನೀರೊಲೆಗೆ ಹಾಕುವುದೂ ತಿಪ್ಪೆಗೆ ಎರಚುವುದೂ ಸಲ್ಲದು. ತಿಪ್ಪೆಯಿಂದ ಹೊಲಕ್ಕೆ ಹೋದ ಚೂರು ಅಲ್ಲಿ ಕೊಳೆಯದೆ ಮೊಮ್ಮಕ್ಕಳ ಕಾಲದವರೆಗೂ ಇರುತ್ತದೆ. ಒಂದು ಚೀಲದಲ್ಲಿ ಕೂಡಿಸಿ ಗುಜರಿಯವರಿಗೆ ಕೊಡುವುದು ಲೇಸು. ಉಕ್ಕಿನ ಚೂರಿಗಾದರೋ ಅವರು ಬೆಲೆಯನ್ನೇ ಕೊಡುತ್ತಾರೆ. ವಿಶ್ವಕರ್ಮನ ಮೂರನೆಯ ನೀತಿಯೂ ನಡೆದಂತಾಯಿತು.

ಕೈಯ ವಿದ್ಯೆ

ಇಷ್ಟೆಲ್ಲ ಶ್ರಮವೇಕೆ, ಪೇಟೆಯಲ್ಲಿ ಹಣ ಕೊಟ್ಟರೆ ಸಿಗದೇ ಎಂದು ಕೇಳುವವರುಂಟು. ಸಿಗುತ್ತದೆ ನಿಜ. ಆದರೆ ಹಣದಿಂದ ಸಿಗದ ಒಂದು ಲಾಭವು ಇದರಲ್ಲಿದೆ. ಹತ್ತನೆಯ ತರಗತಿಯ ಹುಡುಗನು ಉಷ್ಣವಾಹಕತೆ, ವ್ಯಾಕೋಚನ ಎಂಬ ಪದಗಳನ್ನು ಪುಸ್ತಕದಿಂದ ಬಾಯಿಪಾಠ ಮಾಡುತ್ತಾನೆ. ಒಂದು ಸಂಜೆ ಲೇತಿನ ಮುಂದೆ ನಿಂತವನಿಗೆ ಆ ಪದಗಳು ಬೆರಳಿಗೆ ಅರ್ಥವಾಗುತ್ತವೆ. ಶಾಸ್ತ್ರವು ಒಂದು ಕಡೆಗೂ ಶಿಲ್ಪವು ಮತ್ತೊಂದು ಕಡೆಗೂ ಉಳಿದು, ಓದಿದವನಿಗೆ ಕೈ ಬಾರದಂತೆಯೂ ಕೈಯುಳ್ಳವನಿಗೆ ಓದು ದೊರೆಯದಂತೆಯೂ ಆದುದು ನಮ್ಮ ದೇಶದ ದೊಡ್ಡ ನಷ್ಟ. ಕಾಯಕಕ್ಕೆ ಘನತೆಯನ್ನು ಕೊಟ್ಟ ಕಲ್ಯಾಣದ ನೆರೆಯಲ್ಲಿಯೇ ಬಾಳುವ ನಾವು, ಮಗನು ಐ.ಟಿ.ಐ.ಗೆ ಸೇರುವೆನೆಂದರೆ ಮುಖ ಬಾಡಿಸುತ್ತೇವೆ. ಅಂಗಿಗೆ ಎಣ್ಣೆಯ ಕಲೆಯಾಗದ ಉದ್ಯೋಗವೇ ದೊಡ್ಡದೆಂದು ಬಗೆಯುತ್ತೇವೆ. ಇದು ನ್ಯಾಯವೇ?

ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ೧೮೬೯ರಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರರು ಚಿತ್ರಕಾರರಾಗಬೇಕೆಂದು ಮುಂಬಯಿಗೆ ಹೋದವರು. ಬಣ್ಣಗಳ ಭೇದವು ಕಣ್ಣಿಗೆ ಸರಿಯಾಗಿ ತಿಳಿಯದಿದ್ದುದರಿಂದ ಅದನ್ನು ಬಿಟ್ಟು ಯಂತ್ರಗಳ ಕಡೆಗೆ ತಿರುಗಿದರು. ತಾಂತ್ರಿಕ ಶಾಲೆಯಲ್ಲಿ ಮಾಸ್ತರಿಕೆ ಮಾಡಿದರು. ೧೮೮೮ರಲ್ಲಿ ಬೆಳಗಾವಿಯಲ್ಲಿ ಒಂದು ಸೈಕಲ್ಲಿನ ಅಂಗಡಿಯನ್ನು ತೆರೆದರು. ಮುಂದೆ ಕಬ್ಬಿಣದ ನೇಗಿಲನ್ನು ಮಾಡಿದಾಗ, ಕಬ್ಬಿಣವು ಭೂಮಿಗೆ ವಿಷವಾದೀತೆಂದು ರೈತರು ಅಂಜಿದರು. ಹೊಸ ಪದಾರ್ಥದ ಸ್ವಭಾವವನ್ನು ಅರಿಯದವರ ಅಂಜಿಕೆಯು ಎಲ್ಲ ಕಾಲಕ್ಕೂ ಹೀಗೆಯೇ. ಆ ಚಿಕ್ಕ ಅಂಗಡಿಯ ಸಂತತಿಯೇ ೧೯೧೦ರ ಕಿರ್ಲೋಸ್ಕರವಾಡಿ. ಅದರ ವಂಶದಲ್ಲಿಯೇ ೧೯೪೧ರಲ್ಲಿ ಹರಿಹರದಲ್ಲಿ ಲೇತುಗಳನ್ನು ಮಾಡುವ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯು ಹುಟ್ಟಿತು. ಸ್ವಾತಂತ್ರ್ಯಾನಂತರ ೧೯೫೩ರಲ್ಲಿ ಬೆಂಗಳೂರಿನಲ್ಲಿ ಎಚ್.ಎಂ.ಟಿ. ಆರಂಭವಾಗಿ, ಯಂತ್ರಗಳನ್ನು ಮಾಡುವ ಯಂತ್ರಗಳು ಕನ್ನಡ ನಾಡಿನಲ್ಲಿಯೇ ಸಿದ್ಧವಾದುವು. ಇಂಥ ದೊಡ್ಡ ಮರಗಳ ಬೀಜವು ಎಲ್ಲೋ ಒಂದು ಮನೆಯ ಮೂಲೆಯಲ್ಲಿ, ಕೈ ಕೊಳೆಮಾಡಿಕೊಂಡ ಒಬ್ಬನ ಕುತೂಹಲದಲ್ಲಿ ಇರುತ್ತದೆ.

ಎಲ್ಲರ ಮಕ್ಕಳೂ ಕಾರ್ಖಾನೆಗಳನ್ನು ಕಟ್ಟಬೇಕೆಂದು ನನ್ನ ಅಭಿಪ್ರಾಯವಲ್ಲ. ಮನೆಯಲ್ಲಿ ಒಂದು ಭದ್ರವಾದ ಮೇಜು, ಒಂದು ಇಕ್ಕಳ, ನಾಲ್ಕು ಅರಗಳು, ವೇಗವನ್ನು ತಗ್ಗಿಸಬಲ್ಲ ಒಂದು ಡ್ರಿಲ್ಲು, ಒಂದು ವರ್ನಿಯರ್ ಮಾಪಕ, ಒಂದು ಕನ್ನಡಕ ಇಷ್ಟಿದ್ದರೆ ಆರಂಭಕ್ಕೆ ಸಾಕು. ಲೇತನ್ನು ಮುಂದೆ ನೋಡಿಕೊಳ್ಳಬಹುದು. ಮೊದಲ ಪಾಠಕ್ಕೆ ಅಗ್ಗದ ಪಾಲಿಎಥಿಲೀನಿನ ಸಲಾಕೆಯನ್ನು ಕೊಡಿ, ಆಮೇಲೆ ಸಾಮಾನ್ಯ ಉಕ್ಕನ್ನು, ಕಡೆಯಲ್ಲಿ ತುಕ್ಕು ಹಿಡಿಯದ ಉಕ್ಕನ್ನು. ಮೊದಲ ಮೂರು ತಿಂಗಳು ದೊಡ್ಡವರೊಬ್ಬರು ಪಕ್ಕದಲ್ಲಿ ನಿಂತಿರಲಿ. ಹುಡುಗಿಯರನ್ನು ಇದರಿಂದ ದೂರವಿಡಲು ಯಾವ ಕಾರಣವೂ ಇಲ್ಲ. ಹಿಟ್ಟಿನ ಹದವನ್ನು ಬೆರಳ ತುದಿಯಿಂದ ಅರಿಯುವ ಕೈಗೆ ನೈಲಾನಿನ ಹದವು ತಿಳಿಯುವುದು ಕಷ್ಟವೇ?

ಕಠಿಣವಾದುದರೊಡನೆ ದೃಢವಾಗಿಯೂ ಮೃದುವಾದುದರೊಡನೆ ಹಗುರವಾಗಿಯೂ ನಡೆದುಕೊಳ್ಳುವುದು, ಎರಡರಲ್ಲಿಯೂ ಆಯುಧವನ್ನು ಹರಿತವಾಗಿಟ್ಟು ಮನಸ್ಸನ್ನು ತಂಪಾಗಿಡುವುದು, ಇಷ್ಟೇ ಈ ವಿದ್ಯೆಯ ಸಾರ. ಇದನ್ನು ಕಲಿತ ಮಕ್ಕಳು ಸವೆದ ತುಂಡನ್ನು ಕಂಡಾಗ ಎಸೆಯುವುದಕ್ಕೆ ಮೊದಲು, ಇದು ಯಾವ ಪದಾರ್ಥ, ಇದೇಕೆ ಸವೆಯಿತು, ಇದನ್ನು ಮತ್ತೆ ಮಾಡಲಾದೀತೇ ಎಂದು ಕೇಳುತ್ತಾರೆ. ಹಾಗೆ ಕೇಳುವ ಮಕ್ಕಳಿರುವ ಮನೆಯು ಸುಖವಾಗಿ ಬಾಳುವುದೆಂಬುದರಲ್ಲಿ ನನಗೆ ಸಂದೇಹವಿಲ್ಲ.